ಅವ್ವನ ಬ್ರಿಜ್‌ಗೂ ಮಗಳ ತಂತಿಗೂ ಒಂದೇ ವಾಟರ್ ಫ್ಲಾಸರ್ ನಡೆಯುತ್ತದಾ?

ನವನಗರ_ಕಟ್ಟೆ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ನವನಗರದಿಂದ ಬರೆಯುತ್ತಿದ್ದೇನೆ. ವಾಟರ್ ಫ್ಲಾಸರ್, ಅಂದರೆ ನೀರಿನ ಧಾರೆ ಬಿಟ್ಟು ಹಲ್ಲಿನ ಸಂದಿ ತೊಳೆಯುವ ಮಷೀನ್, ಬಳಸುವವರು ಯಾರಾದರೂ ಇದ್ದರೆ ಸ್ವಲ್ಪ ಹೇಳ್ರಿ.

ನಮ್ಮ ಮನೆಯಲ್ಲಿ ಇಬ್ಬರಿಗೆ ಬೇಕು. ಅವ್ವನಿಗೆ ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಕೆಳಗಿನ ಎಡದವಡೆಯಲ್ಲಿ ಮೂರು ಹಲ್ಲಿನ ಬ್ರಿಜ್ (ಅಕ್ಕಪಕ್ಕದ ಹಲ್ಲಿನ ಆಧಾರದ ಮೇಲೆ ಕೂರಿಸುವ ಕಟ್ಟುಹಲ್ಲು) ಕೂರಿಸಿದ್ದಾರೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಇಲ್ಲದಿದ್ದರೆ ಆಕೆಗೆ ಅದು ಊಟವೇ ಅಲ್ಲ. ಉಂಡು ಎದ್ದ ಕೂಡಲೇ ಬಳೆಗೆ ಸಿಗಿಸಿಕೊಂಡ ಪಿನ್ನು ತೆಗೆಯುತ್ತಾಳೆ. ಕನ್ನಡಿನೂ ನೋಡದೆ ಬ್ರಿಜ್ ಕೆಳಗೆ ಕೆದಕುತ್ತಾಳೆ. ರಕ್ತ ಬಂದರೆ ಬಾಯಿ ಮುಕ್ಕಳಿಸಿ ಉಗುಳುತ್ತಾಳೆ, ಪಿನ್ನನ್ನು ಸೆರಗಿಗೆ ಒರೆಸಿ ಮತ್ತೆ ಬಳೆಗೆ ಹಾಕಿಕೊಳ್ಳುತ್ತಾಳೆ. ಎಷ್ಟು ಹೇಳಿದರೂ ಕೇಳಲ್ಲ. ನನಗಂತೂ ನೋಡಲು ಆಗುವುದಿಲ್ಲ.

ಮಗಳು ಒಂಬತ್ತನೇ ಕ್ಲಾಸು. ಹಲ್ಲಿಗೆ ತಂತಿ ಹಾಕಿಸಿದ್ದೇವೆ. ಅವಳ ತಂತಿಯಲ್ಲಿ ಅವಲಕ್ಕಿ, ಚುರುಮುರಿ ಎಲ್ಲ ಸಿಕ್ಕಿಕೊಳ್ಳುತ್ತವೆ. ಬ್ರಷ್ ಮಾಡಿ ಬಂದ ಮೇಲೂ ಸಂದಿಯಲ್ಲಿ ಏನಾದರೂ ಕಾಣುತ್ತದೆ.

ಚಾರ್ಜ್ ಮಾಡಿ ಕೈಯಲ್ಲಿ ಹಿಡಿಯುವುದು ಒಳ್ಳೆಯದಾ, ದೊಡ್ಡ ಟ್ಯಾಂಕಿನ ಪ್ಲಗ್ ಹಾಕುವುದು ಒಳ್ಳೆಯದಾ? ನಮ್ಮದು ಬೋರ್ ನೀರು, ಕೊಡದಲ್ಲಿ ಬಿಳಿ ಪೊರೆ ಕೂರುತ್ತದೆ, ಅದರಲ್ಲಿ ಮಷೀನ್ ಉಳಿಯುತ್ತದಾ? ಒಂದೇ ಮಷೀನ್ ಇಬ್ಬರೂ ಬಳಸಬಹುದಾ?

ಇಂಡಿ_ಲಿಂಬು

ದುಡ್ಡು ದಂಡ ಮಾಡಬೇಡ್ರಿ. ಬೇವಿನ ಕಡ್ಡಿ ಕಚ್ಚಿ ತಿಕ್ಕಿದರೆ ಎಲ್ಲ ಹೋಗುತ್ತದೆ. ನಮ್ಮ ಮುತ್ಯಾ ಸಾಯುವ ತನಕ ಹುರಿಗಡಲೆ ಕಡಿದು ತಿಂದರು.

ಶಹಾಪುರ_ಹುಡುಗಿ

ಮುತ್ಯಾನ ಬಾಯಲ್ಲಿ ಬ್ರಿಜ್ ಇತ್ತಾ ಅಣ್ಣಾ? ತಂತಿ ಇತ್ತಾ? ಬೇವಿನ ಕಡ್ಡಿ ಹಲ್ಲಿನ ಮುಂದೆ, ಹಿಂದೆ ಉಜ್ಜುತ್ತದೆ. ಎರಡು ಹಲ್ಲಿನ ನಡುವೆ ಹೋಗಲ್ಲ. ಟೂತ್ ಬ್ರಷ್ಷೂ ಅಲ್ಲಿಗೆ ಹೋಗಲ್ಲ. ಅವರು ಕೇಳುತ್ತಿರುವುದೇ ಆ ಸಂದಿಯ ಬಗ್ಗೆ.

ಜಮಖಂಡಿ_ಪೇಟೆ

ಪಿನ್ನು ಮೊದಲು ಬಿಡಿಸ್ರಿ. ಮಷೀನ್ ಆಮೇಲೆ.

ಶಹಾಪುರ_ಹುಡುಗಿ

ನವನಗರದ ಕಾಕಾ, ನಾನು ಬೆಳಗಾವಿಯವಳು. ನನಗೂ ತಂತಿ ಹಾಕಿ ಒಂದು ವರ್ಷದ ಮೇಲಾಯಿತು, ಅವತ್ತಿನಿಂದ ಫ್ಲಾಸರ್ ಬಳಸುತ್ತಿದ್ದೇನೆ. ನಿಮ್ಮ ಮಗಳಿಗೆ ಉಪಯೋಗ ಆಗುವ ಹಾಗೆ ಹೇಳುತ್ತೇನೆ.

ಮೊದಲು ನಾಝಲ್, ಅಂದರೆ ನೀರು ಬರುವ ಸಣ್ಣ ನಳಿಕೆ, ಬಾಯೊಳಗೆ ಇಡಬೇಕು, ಆಮೇಲೆ ಬಟನ್ ಒತ್ತಬೇಕು. ನಿಲ್ಲಿಸುವಾಗ ಮೊದಲು ಬಟನ್ ಬಂದ್, ಆಮೇಲೆ ಬಾಯಿಂದ ತೆಗೆಯಬೇಕು. ಇದು ಉಲ್ಟಾ ಆದರೆ ಕನ್ನಡಿ, ಗೋಡೆ, ಮೈಮೇಲಿನ ಬಟ್ಟೆ ಎಲ್ಲ ತೋಯುತ್ತದೆ. ಬೇಸಿನ್ ಮೇಲೆ ಚೆನ್ನಾಗಿ ಬಗ್ಗಬೇಕು. ತುಟಿ ಮುಚ್ಚಿದಂತೆ ಇರಬೇಕು, ಆದರೆ ಒಂದು ಮೂಲೆ ಸಡಿಲ ಬಿಡಬೇಕು. ನೀರು ಅಲ್ಲಿಂದ ತಾನೇ ಸುರಿಯುತ್ತದೆ. ಮೂಗಿನಿಂದ ಉಸಿರಾಡಬೇಕು. ಕನ್ನಡಿ ನೋಡಿಕೊಂಡು ಮಾಡುತ್ತೇನೆ ಅಂದರೆ ಆಗಲ್ಲ, ತಲೆ ಎತ್ತಿದರೆ ನೀರು ಗಂಟಲಿಗೆ ಹೋಗುತ್ತದೆ. ಕೈಯ ಅಂದಾಜಿನಲ್ಲೇ ಕಲಿಯಬೇಕು.

ಹಿಂದಿನ ದವಡೆ ಹಲ್ಲಿನಿಂದ ಶುರು ಮಾಡಿ ಒಂದೊಂದೇ ಹಲ್ಲು ಮುಂದಕ್ಕೆ ಬರಬೇಕು. ಒಸಡು ಹಲ್ಲಿಗೆ ಕೂಡುವ ಗೆರೆ ಇದೆಯಲ್ಲ, ಆ ಗೆರೆಗೆ ನಾಝಲ್ ನೆಟ್ಟಗೆ ಹಿಡಿಯಬೇಕು. ಪ್ರತಿ ಸಂದಿಯಲ್ಲೂ ಒಂದೆರಡು ಸೆಕೆಂಡ್ ನಿಲ್ಲಬೇಕು. ತಂತಿ ಇದ್ದವರಿಗೆ ತುದಿಯಲ್ಲಿ ಚಿಕ್ಕ ಕುಚ್ಚು ಇರುವ ನಾಝಲ್ ಬರುತ್ತದೆ, ಅದನ್ನೇ ತೆಗೆದುಕೊಳ್ಳಿ. ತಂತಿಯ ಮೇಲ್ಗಡೆ ಒಂದು ಸುತ್ತು, ಕೆಳಗಡೆ ಒಂದು ಸುತ್ತು.

ನೀರು ಉಗುರುಬೆಚ್ಚಗೆ ಇರಲಿ. ಡಿಸೆಂಬರ್ ಚಳಿಯಲ್ಲಿ ನಮ್ಮ ಬೆಳಗಾವಿ ನಳದ ನೀರು ತುಂಬಿಕೊಂಡರೆ ಹಲ್ಲು ಜುಂ ಅನ್ನುತ್ತದೆ.

ನವನಗರ_ಕಟ್ಟೆ

ತಂಗಿ, ಬಹಳ ಉಪಕಾರ ಆಯಿತು. ಮಗಳಿಗೆ ಓದಿ ಹೇಳಿದೆ. ನಿನ್ನದು ಯಾವ ನಮೂನೆಯದು?

ಶಹಾಪುರ_ಹುಡುಗಿ

ಚಾರ್ಜ್ ಮಾಡುವುದು. 200 ಮಿ.ಲೀ. ಟ್ಯಾಂಕು. ಅದೊಂದೇ ತಕರಾರು ಕಾಕಾ, ಅರ್ಧ ಬಾಯಿಗೇ ನೀರು ಖಾಲಿ. ಬಾಯಿ ತುಂಬ ಜೊಲ್ಲು, ಅದರಲ್ಲೇ ಮತ್ತೆ ತುಂಬಿಕೊಳ್ಳಬೇಕು. ನೀವು 300 ಮಿ.ಲೀ.ಗಿಂತ ಕಡಿಮೆ ತೆಗೆದುಕೊಳ್ಳಬೇಡಿ.

ಚಿಕ್ಕೋಡಿ_ಮಾಸ್ತರ

ಮಷೀನ್ ಮಾರುವವರು ಹೇಳುವುದನ್ನೆಲ್ಲ ನಂಬುವ ಮೊದಲು ಸ್ವಲ್ಪ ವಿಚಾರ ಮಾಡ್ರಿ. ವಾಟರ್ ಫ್ಲಾಸರ್ ಒಳ್ಳೆಯದು ಅನ್ನುವ ಅಧ್ಯಯನಗಳಲ್ಲಿ ಬಹಳಷ್ಟಕ್ಕೆ ಆ ಕಂಪನಿಗಳದೇ ದುಡ್ಡು. ದಾರದ ಫ್ಲಾಸ್ ಡಬ್ಬಿಗೆ ಕರೆಂಟೂ ಬೇಡ, ನೀರೂ ಬೇಡ. 1815ರ ಸುಮಾರಿಗೇ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಪಾರ್ಮ್ಲಿ ಅನ್ನುವ ದಂತವೈದ್ಯರು ರೇಷ್ಮೆ ದಾರ ಹಾಕಿ ಸಂದಿ ತಿಕ್ಕಿಕೊಳ್ಳಿ ಅಂತ ಹೇಳುತ್ತಿದ್ದರು. ಇನ್ನೂರು ವರ್ಷ ನಡೆದು ಬಂದಿದೆ.

ಮುಧೋಳ_ಅಕ್ಕ

ಮಾಸ್ತರ್ರೇ, ದಾರದ ಫ್ಲಾಸಿನದೂ ಅದೇ ಕಥೆ ಅಲ್ವಾ? 2016ರಲ್ಲಿ ಅಮೆರಿಕದಲ್ಲಿ ಸುದ್ದಿ ಆಗಿತ್ತು, ಫ್ಲಾಸಿಗೆ ಗಟ್ಟಿ ಪುರಾವೆ ಇಲ್ಲ ಅಂತ. ಸರಕಾರದ ಆಹಾರ ಸೂಚಿಯಿಂದಲೇ ಅದನ್ನು ಕೈಬಿಟ್ಟಿದ್ದರು. ಹಂಗಾದರೆ ಎರಡೂ ಬೇಡವಾ?

ಟಿಳಕವಾಡಿ_ದಂತವೈದ್ಯೆ

ಇಲ್ಲಿ ನಾನು ಮಾತಾಡಲೇಬೇಕು. ಬೆಳಗಾವಿಯಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ.

ಪುರಾವೆ ಕಡಿಮೆ ಅಂದರೆ ಉಪಯೋಗ ಇಲ್ಲ ಅಂತ ಅರ್ಥ ಅಲ್ಲ. ನಡೆದ ಅಧ್ಯಯನಗಳು ಚಿಕ್ಕವು, ಹೆಚ್ಚಿನವು ಕೆಲವೇ ವಾರ, ಕೆಲವೇ ತಿಂಗಳಿನವು. ಹುಳುಕು ಹಲ್ಲು ಆಗಲು ವರ್ಷಗಳು ಬೇಕು. ಅಷ್ಟು ದಿನ ಜನರನ್ನು ಹಿಡಿದಿಟ್ಟು ನೋಡುವವರು ಯಾರು? 2019ರಲ್ಲಿ ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಬರೀ ಬ್ರಷ್ ಮಾಡುವುದಕ್ಕಿಂತ ಬ್ರಷ್ ಜೊತೆ ದಾರವನ್ನೋ ಸಂದಿ ಬ್ರಷ್ಷನ್ನೋ ಸೇರಿಸಿದರೆ ಒಸಡಿನ ಬಾವು ಕಡಿಮೆ ಆಗಬಹುದು ಅಂತ ಕಂಡಿತು. ನೀರಿನ ಮಷೀನಿಗೂ ಒಸಡಿನ ವಿಷಯದಲ್ಲಿ ಸ್ವಲ್ಪ ಲಾಭ ಕಂಡಿತು, ಆದರೆ ಹಲ್ಲಿನ ಜಿಗಟು ತೆಗೆಯುವುದರಲ್ಲಿ ಕಾಣಲಿಲ್ಲ. ಪುರಾವೆ ಗಟ್ಟಿ ಇಲ್ಲ ಅಂತ ಅವರೇ ಬರೆದಿದ್ದಾರೆ.

ಈ ಜಿಗಟು ಅಂದರೆ ಏನು ಅಂತ ಹೇಳುತ್ತೇನೆ, ಆಗ ಮಷೀನಿನ ಮಿತಿ ತಾನೇ ಅರ್ಥ ಆಗುತ್ತದೆ. ನೀರು ತುಂಬಿಟ್ಟ ತಂಬಿಗೆಯ ಒಳಮೈ ನಾಲ್ಕು ದಿನಕ್ಕೆ ಜಾರುತ್ತದಲ್ಲ, ಅದು ಬರೀ ನೀರು ಎರಚಿದರೆ ಹೋಗಲ್ಲ, ಕೈ ಹಾಕಿ ತಿಕ್ಕಬೇಕು. ಹಲ್ಲಿನ ಮೇಲೂ ಅಂಥದ್ದೇ ಪದರ ಕೂರುತ್ತದೆ. ಬ್ಯಾಕ್ಟೀರಿಯಾ ತಾವೇ ಕಟ್ಟಿಕೊಂಡ ಪದರ ಅದು. ಫ್ಲಾಸರ್ ನೀರು ಮಿಡಿದು ಮಿಡಿದು ಬರುತ್ತದೆ, ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ. ಸಿಕ್ಕ ಆಹಾರ ಹೊರಗೆ ಬರುತ್ತದೆ. ಒಸಡಿನ ಅಂಚಿನ ಒಳಗೆ ಸ್ವಲ್ಪ ದೂರ ತೊಳೆಯುತ್ತದೆ. ಸಡಿಲ ಪದರ ಹರಿದು ಹೋಗುತ್ತದೆ. ಆದರೆ ಎರಡು ಹಲ್ಲು ಒಂದಕ್ಕೊಂದು ಒತ್ತಿ ನಿಂತ ಜಾಗದಲ್ಲಿ ನೀರು ತಿಕ್ಕುವುದಿಲ್ಲ. ಅಲ್ಲಿಗೆ ದಾರ ಬೇಕು. ಸಂದಿ ಸ್ವಲ್ಪ ಅಗಲ ಇದ್ದರೆ ಸಂದಿ ಬ್ರಷ್ ಬೇಕು. ಚಿಕ್ಕ ಬಾಟಲಿ ತೊಳೆಯುವ ಬ್ರಷ್ ಆಕಾರದ್ದು, ಔಷಧ ಅಂಗಡಿಯಲ್ಲಿ ಸಿಗುತ್ತದೆ, ಸೈಜಿಗೊಂದು ಬಣ್ಣ. ಯಾವ ಸೈಜು ಅಂತ ಒಮ್ಮೆ ಡಾಕ್ಟರ ಹತ್ತಿರ ತೋರಿಸಿಕೊಳ್ಳಿ. ಒತ್ತಿ ತುರುಕಬಾರದು.

ಹಾಗಾದರೆ ಮಷೀನ್ ಯಾರಿಗೆ? ತಂತಿ ಇದ್ದವರಿಗೆ, ಬ್ರಿಜ್ ಇದ್ದವರಿಗೆ, ಇಂಪ್ಲಾಂಟ್ (ದವಡೆ ಎಲುಬಿಗೆ ತಿರುಪು ಕೂರಿಸಿ ಹಾಕಿದ ಹಲ್ಲು) ಇದ್ದವರಿಗೆ. ಬೆರಳು ಗಂಟು ನೋವು ಇದ್ದು ದಾರ ಹಿಡಿಯಲು ಆಗದ ವಯಸ್ಸಾದವರಿಗೆ. ನವನಗರದ ಸರ್ ಮನೆಯಲ್ಲಿ ಇಬ್ಬರೂ ಇದೇ ಸಾಲಿನಲ್ಲಿ ಬರುತ್ತಾರೆ, ಹಾಗಾಗಿ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಬ್ರಷ್ ಬಿಟ್ಟು ಇದೊಂದೇ ಮಾಡುತ್ತೇವೆ ಅನ್ನಬಾರದು.

ಸರ್, ಇನ್ನೊಂದು ಮುಖ್ಯ ಮಾತು. ಅವ್ವನಿಗೆ ಸಕ್ಕರೆ ಇದೆ, ಒಸಡಿನಿಂದ ರಕ್ತ ಬರುತ್ತದೆ ಅಂದಿರಿ. ಮಷೀನ್ ಆರ್ಡರ್ ಮಾಡುವ ಮೊದಲು ಬ್ರಿಜ್ ತೋರಿಸಿಕೊಂಡು ಬನ್ನಿ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಒಸಡು ಬೇಗ ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ. ಎರಡೂ ಒಂದನ್ನೊಂದು ಎಳೆಯುತ್ತವೆ. ಬ್ರಿಜ್ ಕೆಳಗೆ ಹುಳುಕು ಶುರುವಾಗಿದ್ದರೆ ನೀರು ಹೊಡೆದು ಏನೂ ಆಗಲ್ಲ.

ಚಿಕ್ಕೋಡಿ_ಮಾಸ್ತರ

ಡಾಕ್ಟರ್ ಮೇಡಂ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಆದರೂ ಒಂದು ಮಾತು. ಎರಡು-ಮೂರು ಸಾವಿರ ರೂಪಾಯಿ ಎಲ್ಲರ ಕೈಲಿ ಆಗಲ್ಲ. ತಂತಿ, ಬ್ರಿಜ್ ಏನೂ ಇಲ್ಲದ ಆರೋಗ್ಯವಂತ ಹುಡುಗನಿಗೆ ದಾರವೇ ಸಾಕು ಅಲ್ವಾ?

ಟಿಳಕವಾಡಿ_ದಂತವೈದ್ಯೆ

ಸಾಕು ಸರ್. ದಿನಾ ಮಾಡಿದರೆ ಸಾಕು. ಡಬ್ಬಿ ತಂದು ಕಪಾಟಿನಲ್ಲಿ ಇಟ್ಟರೆ ಆಗಲ್ಲ ಅಷ್ಟೇ.

ಕೊಲ್ಹಾರ_ಮೊಸರು

ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತವೆ, ಹೋಗಬೇಡ್ರಿ. ನಮ್ಮ ದೊಡ್ಡಪ್ಪನಿಗೆ ಹಾಗೇ ಆಯಿತು. ಮಾಡಿಸಿಕೊಂಡು ಬಂದ ವಾರದಲ್ಲಿ ಹಲ್ಲು ಅಲುಗಾಡತೊಡಗಿದವು. ಮಷೀನಿನ ನೀರಿಗೂ ಹಾಗೇ ಆಗುತ್ತದೆ ಅಂತ ನನ್ನ ಅನಿಸಿಕೆ.

ಟಿಳಕವಾಡಿ_ದಂತವೈದ್ಯೆ

ಈ ಮಾತು ದಿನಾ ಕೇಳುತ್ತೇನೆ. ನಮ್ಮ ಕಡೆ ಜನ ಡಾಕ್ಟರ ಹತ್ತಿರ ಬರದೆ ಹಲ್ಲು ಕಳೆದುಕೊಳ್ಳುವುದು ಈ ಭಯದಿಂದಲೇ. ದಯವಿಟ್ಟು ಪೂರ್ತಿ ಓದಿ.

ಜಿಗಟು ತೆಗೆಯದಿದ್ದರೆ ಎರಡು-ಮೂರು ದಿನದಲ್ಲೇ ಗಟ್ಟಿಯಾಗಲು ಶುರು ಆಗುತ್ತದೆ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿಕೊಂಡು ಕಿಟ್ಟ ಆಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಒಸಡು ಕೆಳಗೆ ಸರಿಯುತ್ತದೆ, ಹಲ್ಲು ಹಿಡಿದ ಎಲುಬು ಕರಗುತ್ತದೆ. ನಿಮ್ಮ ದೊಡ್ಡಪ್ಪನ ಹಲ್ಲು ಮೊದಲೇ ಸಡಿಲ ಆಗಿದ್ದಿರಬೇಕು, ಕಿಟ್ಟ ಅಕ್ಕಪಕ್ಕದ ಹಲ್ಲುಗಳನ್ನು ಕಟ್ಟಿ ಹಿಡಿದಿತ್ತು. ಕಿಟ್ಟ ತೆಗೆದಾಗ ಒಳಗಿನ ಸ್ಥಿತಿ ಹೊರಗೆ ಕಂಡಿತು. ಬೇಗ ಬಂದಿದ್ದರೆ ಆ ಹಲ್ಲು ಉಳಿಯುತ್ತಿದ್ದವು. ಸಂದಿ ಅಗಲ ಆದ ಹಾಗೆ ಕಾಣುವುದಕ್ಕೂ ಇದೇ ಕಾರಣ, ಊದಿದ ಒಸಡು ಇಳಿದಾಗ ಸಂದಿ ಕಾಣುತ್ತದೆ.

ಗಟ್ಟಿಯಾದ ಕಿಟ್ಟ ಯಾವ ಫ್ಲಾಸರಿಗೂ ಬಿಡುವುದಿಲ್ಲ, ಎಷ್ಟು ಜೋರು ಇಟ್ಟರೂ. ಅದು ಡಾಕ್ಟರ ಕುರ್ಚಿಯಲ್ಲೇ ಹೋಗಬೇಕು.

ಕೊಲ್ಹಾರ_ಮೊಸರು

ಮೇಡಂ, ದೊಡ್ಡಪ್ಪ ಚಿಕ್ಕಂದಿನಿಂದ ಮಿಶ್ರಿ ತಿಕ್ಕುತ್ತಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಟಿಳಕವಾಡಿ_ದಂತವೈದ್ಯೆ

ಇದೆ. ಮಿಶ್ರಿ ಅಂದರೆ ಸುಟ್ಟ ತಂಬಾಕು. ಒಸಡಿಗೆ ತಾಗಿಯೇ ಇರುತ್ತದೆ. ತಂಬಾಕು ಹಚ್ಚುವವರಲ್ಲಿ ಒಸಡಿನ ರಕ್ತ ಕಡಿಮೆ ಕಾಣುವುದುಂಟು, ಅದನ್ನೇ ಜನ ಒಸಡು ಗಟ್ಟಿ ಇದೆ ಅಂದುಕೊಳ್ಳುತ್ತಾರೆ. ಒಳಗೆ ಎಲುಬು ಹೋಗುತ್ತಿರುತ್ತದೆ. ಬಾಯಿ ಕ್ಯಾನ್ಸರಿನ ಭಯ ಬೇರೆ. ಗಡಿಭಾಗದ ಹೆಣ್ಣುಮಕ್ಕಳಲ್ಲಿ ಇವತ್ತಿಗೂ ನೋಡುತ್ತೇನೆ, ಹಲ್ಲುನೋವಿಗೆ ಅಂತ ಶುರು ಮಾಡಿ ಬಿಡಲು ಆಗದೆ ಉಳಿದವರು. ಮನೆಯಲ್ಲಿ ಯಾರಾದರೂ ತಿಕ್ಕುತ್ತಿದ್ದರೆ ಬಿಡಿಸಿ. ಬಿಳಿ ಕಲೆಯೋ ವಾಸಿಯಾಗದ ಹುಣ್ಣೋ ಕಂಡರೆ ತಡ ಮಾಡದೆ ತೋರಿಸಿ.

ಅಮೀನಗಡ_ಕರದಂಟು

ಸಂದಿಯಲ್ಲಿ ಜಾಸ್ತಿ ಸಿಗುವುದು ಯಾವುದು ಅಂತ ಯಾರೂ ಹೇಳಲಿಲ್ಲ. ನನ್ನ ಮತ ಸೀತನಿಗೆ. ಸುಟ್ಟ ಎಳೆ ಜೋಳದ ಸಿಪ್ಪೆ ಒಸಡಿನೊಳಗೆ ಹೋಗಿ ಕೂತರೆ ಬ್ರಷ್ಷಿಗೆ ಬರುವುದೇ ಇಲ್ಲ.

ಜಮಖಂಡಿ_ಪೇಟೆ

ಕರದಂಟಿನ ಹೆಸರು ಇಟ್ಟುಕೊಂಡು ಸೀತನಿಗೆ ಮತವಾ? ನಿಮ್ಮ ಅಂಟು ಬೆಲ್ಲವೇ ತಂತಿ ಹಾಕಿದವರಿಗೆ ದೊಡ್ಡ ವೈರಿ. ನಮ್ಮ ಅಕ್ಕನ ಮಗಳ ತಂತಿಯ ಬಿಲ್ಲೆ ಕಿತ್ತು ಬಂದಿದ್ದು ಕರದಂಟಿಗೇ.

ಅಮೀನಗಡ_ಕರದಂಟು

ಅದನ್ನು ಒಪ್ಪುತ್ತೇನೆ. ತಂತಿ ಇರುವಾಗ ಕರದಂಟು ಬೇಡ, ಕುಂದಾ ತಿನ್ನಲಿ.

ಶಹಾಪುರ_ಹುಡುಗಿ

ಕುಂದಾ ಮೆತ್ತಗೆ ಇದ್ದರೂ ಸಕ್ಕರೆನೇ ಅಲ್ವಾ! ತಿಂದರೆ ಬಾಯಿ ತೊಳೆಯಬೇಕು. ನನಗೆ ಡಾಕ್ಟರು ಅಂಟು, ಗಟ್ಟಿ ಎರಡೂ ಬೇಡ ಅಂದಿದ್ದಾರೆ. ಕಟಕ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತೇನೆ.

ಗುಮ್ಮಟನಗರ_ರಿಪೇರಿ

ವಿಜಯಪುರದಲ್ಲಿ ಮಿಕ್ಸರ್, ಗೀಸರ್, ಟ್ರಿಮ್ಮರ್ ರಿಪೇರಿ ಮಾಡುತ್ತೇನೆ. ಈಗ ಈ ಫ್ಲಾಸರುಗಳೂ ಬರತೊಡಗಿವೆ. ನವನಗರದ ಅಣ್ಣಾ, ನಿಮ್ಮ ನೀರಿನ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಅದನ್ನು ಎಲ್ಲರೂ ಬಿಟ್ಟು ಮುಂದೆ ಹೋಗಿದ್ದಾರೆ.

ನನ್ನ ಅಂಗಡಿಗೆ ಬರುವ ಮಷೀನುಗಳಲ್ಲಿ ಮೋಟಾರು ಸುಟ್ಟಿದ್ದು ಕಡಿಮೆ. ಸುಣ್ಣ ಕಟ್ಟಿದ್ದೇ ಜಾಸ್ತಿ. ನಾಝಲ್ ತುದಿಯ ತೂತು ಒಂದು ಮಿಲಿಮೀಟರಿಗಿಂತ ಸಣ್ಣದು. ಗಡುಸು ನೀರಿನ ಸುಣ್ಣ ಅಲ್ಲಿ ಕೂತರೆ ಧಾರೆ ಸೊಟ್ಟ ಆಗುತ್ತದೆ, ಆಮೇಲೆ ಎರಡು ಧಾರೆ ಆಗಿ ಒಡೆಯುತ್ತದೆ, ಆಮೇಲೆ ತೊಟ್ಟಿಕ್ಕುತ್ತದೆ. ಒಳಗೆ ಪಂಪಿನ ಚಿಕ್ಕ ವಾಲ್ವ್ ಇರುತ್ತದೆ, ಅದರ ಬಾಯಿಗೆ ಬಿಳಿ ಪುಡಿ ಕೂತರೆ ಮೋಟಾರು ಸದ್ದು ಮಾಡುತ್ತದೆ, ನೀರು ಏರುವುದಿಲ್ಲ.

ಬೋರ್ ನೀರು ಹಾಕಲೇಬೇಡಿ. ಶುದ್ಧ ನೀರಿನ ಘಟಕದ ಕ್ಯಾನ್ ನೀರು ಹಾಕಿ. ಇಬ್ಬರಿಗೂ 300 ಮಿ.ಲೀ.ನಂತೆ ಹಿಡಿದರೂ ದಿನಕ್ಕೆ 600, ತಿಂಗಳಿಗೆ 18 ಲೀಟರ್. 20 ಲೀಟರಿನ ಒಂದು ಕ್ಯಾನ್ ತಿಂಗಳಿಗೆ ಸಾಕು. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ ಬೇಸಿನ್ನಿನಲ್ಲೇ ಬಿಟ್ಟು ಖಾಲಿ ಮಾಡಿ. ಆಮೇಲೆ ಬರೀ ನೀರು ಒಂದು ಟ್ಯಾಂಕು ಓಡಿಸಿ. ನಾಝಲ್‌ನ್ನು ಅದೇ ವಿನೆಗರ್ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ.

ಉಪ್ಪು ಹಾಕಬೇಡಿ. ಉಪ್ಪುನೀರು ಒಸಡಿಗೆ ಒಳ್ಳೆಯದು ಅಂತ ಟ್ಯಾಂಕಿಗೇ ಕಲ್ಲುಪ್ಪು ಹಾಕುವವರು ಇದ್ದಾರೆ. ಒಳಗಿನ ಲೋಹಕ್ಕೆ ತುಕ್ಕು ಹಿಡಿಯುತ್ತದೆ, ಕರಗದ ಹರಳು ವಾಲ್ವಿನಲ್ಲಿ ಸಿಗುತ್ತದೆ. ಉಪ್ಪುನೀರು ಬೇಕಿದ್ದರೆ ಲೋಟದಲ್ಲಿ ಕಲಸಿ ಮುಕ್ಕಳಿಸಿ.

ಇಂಡಿ_ಲಿಂಬು

ವಿನೆಗರ್ ಯಾಕೆ? ಲಿಂಬೆ ಹುಳಿಯೂ ಸುಣ್ಣ ಕರಗಿಸುತ್ತದೆ. ನಮ್ಮ ಇಂಡಿಯಲ್ಲಿ ಲಿಂಬೆಗೆ ಏನು ಬರ?

ಗುಮ್ಮಟನಗರ_ರಿಪೇರಿ

ಕರಗಿಸುತ್ತದೆ ಅಣ್ಣಾ, ಆದರೆ ರಸದ ಎಳೆ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಲಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್, ಅಡುಗೆ ಉಪ್ಪಲ್ಲ) ನೀರಲ್ಲಿ ಪೂರ್ತಿ ಕರಗಿಸಿ ಹಾಕಿದರೆ ನಡೆಯುತ್ತದೆ. ಆಮೇಲೆ ಬರೀ ನೀರು ಓಡಿಸುವುದು ಮರೆಯಬಾರದು.

ಟಿಳಕವಾಡಿ_ದಂತವೈದ್ಯೆ

ಮಷೀನಿಗೆ ಸರಿ. ಹಲ್ಲಿಗೆ ಮಾತ್ರ ಲಿಂಬೆ ತಿಕ್ಕಬೇಡಿ, ಹೊರಪದರ ಸವೆಯುತ್ತದೆ. ಬೆಳ್ಳಗಾಗುತ್ತದೆ ಅಂತ ಉಪ್ಪು-ಲಿಂಬೆ ಹಚ್ಚಿಕೊಂಡು ಆಮೇಲೆ ತಣ್ಣೀರು ಕುಡಿಯಲೂ ಆಗದೆ ಬರುವ ಹುಡುಗರು ಬಹಳ.

ಹುನಗುಂದ_ಸೀಮೆ

ನೀರಿನ ಮಾತು ಬಂತು ಅಂತ ಕೇಳುತ್ತೇನೆ. ನಮ್ಮೂರಿನ ಹುಡುಗರ ಮುಂದಿನ ಹಲ್ಲಿನ ಮೇಲೆ ಕಂದು ಗೆರೆ ಇರುತ್ತವೆ. ಎಷ್ಟು ತಿಕ್ಕಿದರೂ ಹೋಗಲ್ಲ. ನನ್ನ ತಮ್ಮ ಅದಕ್ಕೆ ನಗುವಾಗ ಕೈ ಅಡ್ಡ ಇಟ್ಟುಕೊಳ್ಳುತ್ತಾನೆ. ಫ್ಲಾಸರ್ ಜೋರು ಇಟ್ಟರೆ ಆ ಗೆರೆ ಹೋಗಬಹುದಾ?

ಟಿಳಕವಾಡಿ_ದಂತವೈದ್ಯೆ

ಹೋಗಲ್ಲ. ನೀವು ಹೇಳುವುದನ್ನು ನೋಡಿದರೆ ಫ್ಲೋರೈಡ್ ಕಲೆ ಇರಬಹುದು, ಬಾಯಿ ನೋಡಿಯೇ ಖಚಿತ ಹೇಳಬೇಕು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಕುಡಿಯುವ ನೀರಿಗೆ ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಅಂತ ನಮ್ಮ ದೇಶದ ಮಾನದಂಡ. ಹಲ್ಲು ದವಡೆಯೊಳಗೆ ತಯಾರಾಗುವ ವಯಸ್ಸಿನಲ್ಲಿ, ಅಂದರೆ ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದ ತನಕ, ಅದಕ್ಕಿಂತ ಜಾಸ್ತಿ ಹೋದರೆ ಹಲ್ಲಿನ ಪದರದ ಒಳಗೇ ಕಲೆ ಮೂಡುತ್ತದೆ. ಮೇಲಿನಿಂದ ತೊಳೆದರೆ ಹೋಗುವ ಕೊಳೆ ಅದಲ್ಲ.

ನಿಮ್ಮ ತಮ್ಮನಿಗೆ ಹೇಳಿ, ಅದು ಅವನು ಹಲ್ಲು ತಿಕ್ಕದೆ ಆಗಿದ್ದಲ್ಲ. ಮೇಲಿನ ಪದರವನ್ನು ತೆಳ್ಳಗೆ ಸವರಿಯೋ ಹಲ್ಲಿನ ಬಣ್ಣದ ಲೇಪ ಹಾಕಿಯೋ ಕಲೆ ಕಾಣದ ಹಾಗೆ ಮಾಡಬಹುದು. ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕುಡಿಯುವ ನೀರು ಬದಲಾಯಿಸಿ, ಅದೇ ಮುಖ್ಯ.

ಹುನಗುಂದ_ಸೀಮೆ

ಇವತ್ತೇ ತಮ್ಮನಿಗೆ ತೋರಿಸುತ್ತೇನೆ ಮೇಡಂ. ಅವನಿಗೆ ಇದು ಯಾರೂ ಹೇಳಿರಲಿಲ್ಲ.

ಮುಧೋಳ_ಅಕ್ಕ

ಮತ್ತೆ ಮಷೀನಿಗೆ ಬರೋಣ. ಆನ್‌ಲೈನಲ್ಲಿ ನೀರಿನ ಒತ್ತಡ ಒಂದಕ್ಕೆ 140 ಪಿಎಸ್‌ಐ ಅಂತಾರೆ, ಇನ್ನೊಂದಕ್ಕೆ 100 ಅಂತಾರೆ. ಜಾಸ್ತಿ ಇದ್ದಷ್ಟು ಒಳ್ಳೆಯದಾ?

ಗುಮ್ಮಟನಗರ_ರಿಪೇರಿ

ಅಲ್ಲ ಅಕ್ಕಾ. ಹೆಸರಾದ ಕಂಪನಿಗಳ ದೊಡ್ಡ ಟೇಬಲ್ ಮಷೀನುಗಳೇ 10ರಿಂದ 100ರ ಒಳಗೆ ಇರುತ್ತವೆ. ಮೇಲಿನ ಅಂಕಿ ನೋಡಬೇಡಿ, ಕೆಳಗಿನ ಅಂಕಿ ನೋಡಿ. ಎಷ್ಟು ಮೆಲ್ಲಗೆ ಇಡಬಹುದು ಅನ್ನುವುದೇ ಮುಖ್ಯ. ಅಗ್ಗದ ಕೆಲವು ಮಷೀನುಗಳಲ್ಲಿ ಅತಿ ಕಡಿಮೆ ಇಟ್ಟರೂ ಚುಚ್ಚುತ್ತದೆ.

ಈ ಮಷೀನ್ ಮೊದಲು ಬಂದಿದ್ದೇ ಟೇಬಲ್ ಮೇಲೆ ಇಡುವ ನಮೂನೆಯಲ್ಲಿ. ಅಮೆರಿಕದ ಕೊಲರಾಡೋದಲ್ಲಿ ಒಬ್ಬ ದಂತವೈದ್ಯ, ಒಬ್ಬ ಎಂಜಿನಿಯರ್ ಸೇರಿ ಮಾಡಿದ್ದು, 1962ರಲ್ಲಿ. ಅದೇ ಮುಂದೆ ವಾಟರ್‌ಪಿಕ್ ಆಯಿತು. ಟೇಬಲ್ ಮಷೀನಿನಲ್ಲಿ 600 ಮಿ.ಲೀ. ಆಸುಪಾಸು ನೀರು ಹಿಡಿಯುತ್ತದೆ, ಒತ್ತಡ ಒಂದೇ ಸಮ ಬರುತ್ತದೆ, ಬ್ಯಾಟರಿ ಸಾಯುವ ಭಯ ಇಲ್ಲ. ಆದರೆ ಬೇಸಿನ್ ಪಕ್ಕ ಪ್ಲಗ್ ಬೇಕು, ಜಾಗ ಬೇಕು, ಕರೆಂಟ್ ಹೋದರೆ ನಿಂತಿತು. ಕೈಯಲ್ಲಿ ಹಿಡಿಯುವುದಕ್ಕೆ ಇವು ಯಾವುವೂ ಬೇಡ. ಆದರೆ ಬ್ಯಾಟರಿ ಒಳಗೆ ಸೀಲ್ ಆಗಿರುತ್ತದೆ, ಎರಡು-ಮೂರು ವರ್ಷದ ಮೇಲೆ ಇಳಿದರೆ ನಮ್ಮಂಥವರು ಬಿಚ್ಚಿ ಹಾಕಿದರೂ ಮೊದಲಿನಂತೆ ನೀರು ತಡೆಯಲ್ಲ. ವಾರಂಟಿ ಎಷ್ಟು, ಬಿಲ್ ಕೊಡುತ್ತಾರಾ, ಅದನ್ನು ನೋಡಿ. ಐಪಿಎಕ್ಸ್7 ಅಂತ ಬರೆದಿದ್ದರೆ ಒಂದು ಮೀಟರ್ ನೀರಲ್ಲಿ ಅರ್ಧ ತಾಸು ಬಿದ್ದರೂ ಒಳಗೆ ನೀರು ಹೋಗದ ಹಾಗೆ ಇರುತ್ತದೆ. ಆದರೆ ಚಾರ್ಜಿಂಗ್ ಬಾಯಿಯ ರಬ್ಬರ್ ಮುಚ್ಚಳ ಹಾಕಿದ್ದರೆ ಮಾತ್ರ.

ಬಳಸಿದ ಮೇಲೆ ಟ್ಯಾಂಕಿನ ನೀರು ಚೆಲ್ಲಿ ಮುಚ್ಚಳ ತೆಗೆದು ಒಣಗಲು ಬಿಡಿ. ನೀರು ಹಾಗೇ ಬಿಟ್ಟು ಒಳಗೆ ಕಪ್ಪು ಬೂಸು ಹಿಡಿದ ಟ್ಯಾಂಕು ತರುತ್ತಾರೆ. ಅದೇ ನೀರು ಬಾಯಿಗೆ ಹೊಡೆದುಕೊಳ್ಳುತ್ತಿದ್ದರಲ್ಲ ಅಂತ ಬೇಜಾರಾಗುತ್ತದೆ.

ಟಿಳಕವಾಡಿ_ದಂತವೈದ್ಯೆ

ಒತ್ತಡದ ಬಗ್ಗೆ ರಿಪೇರಿ ಅಣ್ಣ ಹೇಳಿದ್ದು ಸರಿ. ಅತಿ ಕಡಿಮೆಯಿಂದ ಶುರು ಮಾಡಿ. ಮೊದಲ ಕೆಲವು ದಿನ ಸ್ವಲ್ಪ ರಕ್ತ ಬಂದರೆ ಹೆದರಬೇಡಿ, ಬಾವು ಇದ್ದ ಒಸಡು ಹಾಗೇ ಮಾಡುತ್ತದೆ. ಎರಡು ವಾರ ಆದರೂ ನಿಲ್ಲದಿದ್ದರೆ ತೋರಿಸಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ವಾಲ್ವ್ ಬದಲಿಸಿಕೊಂಡವರು ಅವರ ಡಾಕ್ಟರನ್ನು ಕೇಳಿಯೇ ಶುರು ಮಾಡಲಿ. ಮಕ್ಕಳಿಗೆ ಆರು ವರ್ಷ ದಾಟಿದ ಮೇಲೆ, ದೊಡ್ಡವರು ಎದುರಿಗೆ ಇದ್ದಾಗ ಮಾತ್ರ. ನಾಲಿಗೆ ಕೆಳಗಿನ ಮೆತ್ತನೆ ಜಾಗಕ್ಕೆ, ಗಂಟಲಿನ ಕಡೆಗೆ ಧಾರೆ ಬಿಡಬಾರದು.

ಇಬ್ಬರು ಒಂದೇ ಮಷೀನ್ ಬಳಸಬಹುದು. ನಾಝಲ್ ಮಾತ್ರ ಬೇರೆ ಬೇರೆ ಇರಬೇಕು, ಗುರುತಿಗೆ ಬಣ್ಣದ ಉಂಗುರ ಬರುತ್ತದೆ. ಬ್ರಷ್ ಮಾಡುವ ಮೊದಲು ಮಾಡಿ. ಸಂದಿ ತೆರವಾಗಿದ್ದರೆ ಪೇಸ್ಟಿನ ಫ್ಲೋರೈಡ್ ಅಲ್ಲಿ ತನಕ ಹೋಗುತ್ತದೆ.

ಹುನಗುಂದ_ಸೀಮೆ

ಮೇಡಂ, ಫ್ಲೋರೈಡ್ ನೀರು ಕುಡಿಯುವ ನಮಗೆ ಫ್ಲೋರೈಡ್ ಪೇಸ್ಟು ಬೇಡ ಅಲ್ವಾ?

ಟಿಳಕವಾಡಿ_ದಂತವೈದ್ಯೆ

ದೊಡ್ಡವರು ಬಳಸಬಹುದು, ಉಗುಳುತ್ತೀರಲ್ಲ. ಮೂರು ವರ್ಷದ ಒಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಅದರ ಮೇಲೆ ಬಟಾಣಿಯಷ್ಟು ಸಾಕು. ನುಂಗದ ಹಾಗೆ ನೋಡಿಕೊಳ್ಳಿ. ನಿಮ್ಮೂರಿನ ನೀರಿನಲ್ಲಿ ಜಾಸ್ತಿ ಇದ್ದರೆ ಮಕ್ಕಳ ಪೇಸ್ಟು ಯಾವುದು ಅಂತ ಅಲ್ಲಿನ ದಂತವೈದ್ಯರನ್ನೇ ಕೇಳಿ.

ನವನಗರ_ಕಟ್ಟೆ

ಎಲ್ಲರಿಗೂ ಮತ್ತೆ ನಮಸ್ಕಾರ. ಡಾಕ್ಟರ್ ಮೇಡಂ ಹೇಳಿದ ಹಾಗೆ ಮೊದಲು ಅವ್ವನನ್ನು ಇಲ್ಲಿನ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋದೆ. ಖರ್ಚು ಕಡಿಮೆ, ಹೊತ್ತು ಮಾತ್ರ ಹಿಡಿಯಿತು. ವಿದ್ಯಾರ್ಥಿನಿ ಒಬ್ಬಳು ನೋಡಿದಳು, ಆಮೇಲೆ ಅವರ ಸರ್ ಬಂದು ಮತ್ತೆ ನೋಡಿದರು. ಬ್ರಿಜ್ ಗಟ್ಟಿ ಇದೆ. ಅದರ ಪಕ್ಕದ ಒಸಡಿನಲ್ಲಿ ಪಿನ್ನಿನ ಗಾಯ ಇತ್ತು, ಬ್ರಿಜ್ ಕೆಳಗೆ ಕಿಟ್ಟ ಇತ್ತು. ಕ್ಲೀನ್ ಮಾಡಿದರು. ಸಕ್ಕರೆ ಪರೀಕ್ಷೆ ಬರೆದುಕೊಟ್ಟಿದ್ದಾರೆ.

ಆ ಹುಡುಗಿ ಅವ್ವನ ಕೈಗೆ ಕನ್ನಡಿ ಕೊಟ್ಟು, ಒಂದು ತುದಿ ಗಟ್ಟಿ ಇರುವ ಫ್ಲಾಸ್ ದಾರವನ್ನು ಬ್ರಿಜ್ ಕೆಳಗೆ ತೂರಿಸಿ ಆ ಕಡೆಯಿಂದ ಎಳೆದು ತೋರಿಸಿದಳು. ದಾರದ ಉಬ್ಬಿದ ಭಾಗ ಹೊರಗೆ ಬಂದಾಗ ಅದರ ಮೇಲೆ ಹಳದಿ ಜಿಗಟು ಮೆತ್ತಿಕೊಂಡಿತ್ತು. ಅವ್ವ ಅದನ್ನು ಮೂಸಿ ನೋಡಿ ಸುಮ್ಮನೆ ಕೂತಳು. ಮನೆಗೆ ಬಂದ ಮೇಲೆ ತಾನೇ ಪಿನ್ನು ತೆಗೆದು ಹೊಲಿಗೆ ಡಬ್ಬಿಯಲ್ಲಿ ಹಾಕಿದಳು. ನಾನು ಎಷ್ಟು ದಿನದಿಂದ ಹೇಳುತ್ತಿದ್ದೆ!

ಆದರೆ ಆಕೆಯ ಬೆರಳಿಗೆ ದಾರ ಹಿಡಿಯುವುದು ಕಷ್ಟ. ಹಾಗಾಗಿ ವಾರದಲ್ಲಿ ಕೆಲವು ದಿನ ನನ್ನ ಹೆಂಡತಿ ದಾರ ಹಾಕಿ ಕೊಡುತ್ತಾಳೆ, ದಿನಾ ಫ್ಲಾಸರ್. ಚಾರ್ಜ್ ಮಾಡುವ ನಮೂನೆಯದೇ ತರಿಸಿದೆ, 300 ಮಿ.ಲೀ. ಟ್ಯಾಂಕು, ಅತಿ ಮೆಲ್ಲಗಿನ ಹಂತ ಇರುವುದು. ನಮ್ಮ ಬೇಸಿನ್ ಹಿತ್ತಲಲ್ಲಿದೆ, ಅಲ್ಲಿ ಪ್ಲಗ್ ಇಲ್ಲ. ಅವ್ವನಿಗೆ ಬಗ್ಗಿ ನಿಲ್ಲಲು ಆಗಲ್ಲ, ಬಚ್ಚಲ ಕಟ್ಟೆ ಮೇಲೆ ಕೂತು ಮುಂದೆ ಬುಟ್ಟಿ ಇಟ್ಟುಕೊಂಡು ಮಾಡುತ್ತಾಳೆ. ಮಗಳು ಪಕ್ಕದಲ್ಲಿ ನಿಂತು "ಅಜ್ಜಿ, ತುಟಿ ಮುಚ್ಚು, ಮೂಗಿಂದ ಉಸಿರಾಡು" ಅಂತ ಹೇಳಿಕೊಡುತ್ತಾಳೆ. ಶಹಾಪುರದ ತಂಗಿ, ಅದು ನಿನ್ನ ಪಾಠ.

ರಿಪೇರಿ ಅಣ್ಣಾ, ಕ್ಯಾನ್ ನೀರೇ ಹಾಕುತ್ತಿದ್ದೇವೆ.

ಶಹಾಪುರ_ಹುಡುಗಿ

ಬಹಳ ಖುಷಿ ಆಯಿತು ಕಾಕಾ. ಅಜ್ಜಿಗೆ ನಮಸ್ಕಾರ ಹೇಳಿ. ತಂತಿಗೆ ಸಂದಿ ಬ್ರಷ್ಷೂ ಕೊಡಿಸಿ, ಬಿಲ್ಲೆಯ ಪಕ್ಕದಲ್ಲಿ ತಿಕ್ಕಲು ಅದೇ ಬೇಕು.

ಇಂಡಿ_ಲಿಂಬು

ನಾನು ಬೇವಿನ ಕಡ್ಡಿ ಬಿಡಲ್ಲ. ಆದರೆ ನಮ್ಮ ಅವ್ವನ ಬಳೆಯಲ್ಲೂ ಎರಡು ಪಿನ್ನು ಇವೆ. ಅವನ್ನು ಇವತ್ತೇ ತೆಗೆಸುತ್ತೇನೆ.

ಮುಧೋಳ_ಅಕ್ಕ

ನವನಗರದ ಅಣ್ಣಾ, ಎರಡನೇ ನಾಝಲ್ ಬೇರೆ ಕಂಪನಿಯದು ತಂದರೆ ಕೂರುತ್ತದಾ? ನಮ್ಮ ಮನೆಯಲ್ಲಿ ನಾಲ್ಕು ಜನ.

ಗುಮ್ಮಟನಗರ_ರಿಪೇರಿ

ನಾನು ಹೇಳುತ್ತೇನೆ ಅಕ್ಕಾ. ಹೆಚ್ಚಾಗಿ ಕೂರಲ್ಲ. ಬುಡದ ಖಾಚು ಕಂಪನಿಗೊಂದು ಇರುತ್ತದೆ. ಒತ್ತಾಯ ಮಾಡಿ ಕೂರಿಸಿದರೆ ಬುಡದಲ್ಲಿ ಸೋರುತ್ತದೆ, ಇಲ್ಲ ಜೋರಿಗೆ ಹಾರಿ ಬಾಯಿಗೆ ಬೀಳುತ್ತದೆ. ಮಷೀನ್ ಕೊಳ್ಳುವ ಮೊದಲೇ ಆ ಕಂಪನಿಯ ಬಿಡಿ ನಾಝಲ್ ಸಿಗುತ್ತವಾ, ಬೆಲೆ ಎಷ್ಟು ಅಂತ ನೋಡಿ. ನಾಝಲ್ ಹೇಗೂ ಮೂರರಿಂದ ಆರು ತಿಂಗಳಿಗೆ ಬದಲಿಸಬೇಕು. ಬಿಡಿ ಸಿಗದ ಮಷೀನ್ ಎಷ್ಟು ಅಗ್ಗ ಇದ್ದರೂ ತರಬೇಡಿ.